ನೂಲು ಬಾಗಿದ ಕಡೆ

ನೂಲು ಒಳಗೆ ಬಾಗಿತು.

ಸುಮುಖ ಬಾಲ್‌ಪೆನ್ನಿನ ತುದಿಗೆ ಕಟ್ಟಿದ್ದ ಗೇಣುದ್ದದ ಬಿಳಿ ನೂಲನ್ನು ಫ್ಯಾನಿನ ಜಾಲರಿಯಿಂದ ನಾಲ್ಕು ಬೆರಳು ದೂರಕ್ಕೆ ಸರಿಸಿ ಇನ್ನೊಮ್ಮೆ ಹಿಡಿದ. ಅನುಮಾನವೇ ಇಲ್ಲ. ನೂಲು ಅಡ್ಡಕ್ಕೆ ಎದ್ದು, ತುದಿ ನಡುಗಿಸುತ್ತ, ಕಬ್ಬಿಣದ ಕಪಾಟಿನ ಒಳಕ್ಕೆ ಬೊಟ್ಟು ಮಾಡುತ್ತಿತ್ತು. ಹೊರಗೆ ಬರಬೇಕಾದ ಗಾಳಿ ಒಳಗೆ ಹೋಗುತ್ತಿದೆ.

ಅವನಿಗೆ ಖುಷಿಯಾಯಿತು. ಇಷ್ಟು ಬೇಗ ಸಿಕ್ಕಿಬಿಟ್ಟಿತಲ್ಲ ಎಂದು ತುಸು ನಿರಾಸೆಯೂ ಆಯಿತು.

ಮೂರು ವಾರಗಳಿಂದ ತುರ್ಭೆಯ ಈ ಕಾರ್ಖಾನೆಯಲ್ಲಿ ಐಸ್‌ಕ್ರೀಮ್ ಕಪ್ಪು ಮಾಡುವ ಯಂತ್ರ ದಿನಾ ಮಧ್ಯಾಹ್ನ ತಾನಾಗಿಯೇ ನಿಂತುಬಿಡುತ್ತಿತ್ತು. ನಿಲ್ಲಿಸುತ್ತಿದ್ದುದು ಈ ಕಪಾಟು. ಕಾರ್ಖಾನೆಯವರ ಬಾಯಲ್ಲಿ ಪ್ಯಾನೆಲ್. ಅದರ ಹೊಟ್ಟೆಯಲ್ಲಿ ಮೋಟಾರಿನ ವೇಗವನ್ನು ಹಿಡಿತದಲ್ಲಿಡುವ ಒಂದು ಡಬ್ಬವಿತ್ತು. ಡ್ರೈವ್ ಅನ್ನುತ್ತಾರೆ. ಸುತ್ತಲಿನ ಗಾಳಿ ಐವತ್ತು ಡಿಗ್ರಿ ದಾಟಿದರೆ ಡ್ರೈವಿಗೆ ಆಗದು. ಕೈಚೆಲ್ಲಿ ಕೂತುಬಿಡುತ್ತದೆ. ಹಾಗೆ ಕೂತುಬಿಡುವ ಹಕ್ಕು ಅದಕ್ಕಿದೆ ಎಂದು ಅದರ ಕೈಪಿಡಿಯಲ್ಲೇ ಅಚ್ಚಾಗಿದೆ. ಯಾರೂ ಅದನ್ನು ಬೈಯುವಂತಿಲ್ಲ.

ಅದಕ್ಕಾಗಿಯೇ ಸುಮುಖ ಬಂದಿದ್ದ. ಯಂತ್ರಗಳಿಗೆ ಫ್ಯಾನು ಆರಿಸಿ ಕೂರಿಸುವುದು ಅವನ ಉದ್ಯೋಗ. ಹಸ್ತದಗಲದಿಂದ ಮೊರದಗಲದವರೆಗಿನ ಫ್ಯಾನುಗಳು. ಮನುಷ್ಯರಿಗಲ್ಲ. ಮನುಷ್ಯರ ಫ್ಯಾನು ಮಾರುವವರು ಬೇರೆ, ಅವರು ಬಣ್ಣದ ಬಗ್ಗೆ ಮಾತಾಡುತ್ತಾರೆ.

ಅವನ ಹಿಂದೆ ಟಾರ್ಚು ಹಿಡಿದು ನಿಂತಿದ್ದವನು ಯಂತ್ರದ ಆಪರೇಟರು. ಐವತ್ತರ ಆಸುಪಾಸಿನ ತೆಳ್ಳನೆಯ ಆಳು, ಕೊರಳಿಗೆ ಕೆಂಪು ಚೌಕಳಿಯ ಟವಲು. ಪ್ಯಾನೆಲ್ಲಿಗೂ ಗೋಡೆಗೂ ನಡುವೆ ಎರಡೂವರೆ ಅಡಿ ಜಾಗ, ಅದರಲ್ಲಿ ಅವನ ಎತ್ತರದ ಸ್ಟೂಲು. ಯಂತ್ರದ ಗುಂಡಿಗಳೆಲ್ಲ ಪ್ಯಾನೆಲ್ಲಿನ ಬಾಗಿಲಲ್ಲೇ ಇದ್ದುದರಿಂದ ಹನ್ನೆರಡು ಗಂಟೆಗಳ ಪಾಳಿಯಲ್ಲಿ ಅವನು ಅದರಿಂದ ಒಂದು ತೋಳಿನಾಚೆ ಹೋಗುವಂತಿರಲಿಲ್ಲ. ಸ್ಟೂಲಿನ ಮೇಲೆ ಕೂತರೆ ಅವನ ಮುಖವೂ ಫ್ಯಾನಿನ ಜಾಲರಿಯೂ ಎದುರುಬದುರು.

ಇದನ್ನೆಲ್ಲ ಸುಮುಖ ನೋಡಿದ್ದ. ನೋಡುವುದರಲ್ಲಿ ಅವನು ಎತ್ತಿದ ಕೈ.

ಅವನಿಗೆ ಕೊರತೆ ಅನ್ನುವುದು ಇರಲಿಲ್ಲ. ಡೊಂಬಿವಲಿಯ ಮೂರನೇ ಮಹಡಿಯಲ್ಲಿ ಸ್ವಂತ ಮನೆ, ಗಾಳಿ ಬೆಳಕು ಚೆನ್ನಾಗಿತ್ತು. ಸಾಲದ್ದಕ್ಕೆ ಅವನು ಕಂಪನಿಯ ಸ್ಯಾಂಪಲ್ ಫ್ಯಾನುಗಳನ್ನು ತಂದು ತಂದು ಹನ್ನೊಂದು ಕಡೆ ಕೂರಿಸಿದ್ದ. ಫ್ರಿಜ್ಜಿನ ಬೆನ್ನಿಗೆ, ವೈಫೈ ಡಬ್ಬಕ್ಕೆ, ಇನ್ವರ್ಟರಿಗೆ, ಚಪ್ಪಲಿಯ ಗೂಡಿಗೆ, ಮೀನಿನ ತೊಟ್ಟಿಗೆ. ಅವು ಸದಾ ಸಣ್ಣಗೆ ಗುಂಯ್ಗುಡುತ್ತಿದ್ದವು. ಆ ಸದ್ದಿಲ್ಲದ ಕಡೆ ಅವನಿಗೆ ನಿದ್ದೆ ಬರುತ್ತಿರಲಿಲ್ಲ.

ಅವತ್ತು ಬೆಳಿಗ್ಗೆ ಚಪಾತಿ ಬೇಯಿಸುತ್ತ ಬೆವರಿ ತೊಪ್ಪೆಯಾಗಿದ್ದ ಹೆಂಡತಿ ಆಶ್ರಿತಾ ತವೆಯ ಮುಂದಿನಿಂದಲೇ ಕೂಗಿದ್ದಳು. "ರೀ, ಮಿಕ್ಸಿಗೂ ಹಾಕಿದ್ದಾಯ್ತಲ್ಲ, ನಂಗೂ ಒಂದು ಬೆನ್ನಿಗೆ ಹಾಕ್ಬಿಡಿ."

"ಅಳತೆ ತಗೋಬೇಕು" ಎಂದಿದ್ದ ಸುಮುಖ.

"ತಗೊಳ್ಳಿ ತಗೊಳ್ಳಿ. ಹನ್ನೊಂದು ವರ್ಷದಿಂದ ತಗೋತಾನೇ ಇದೀರ."

ಇಬ್ಬರೂ ನಕ್ಕಿದ್ದರು. ನಗು ಮುಗಿದ ಮೇಲೆ ಅವನು ಥಾಣೆಯ ಲೋಕಲ್ ಹಿಡಿದು, ಅಲ್ಲಿ ಗಾಡಿ ಬದಲಿಸಿ, ತುರ್ಭೆಗೆ ಬಂದಿದ್ದ. ಕಿಟಕಿಯ ಜಾಗವೂ ಸಿಕ್ಕಿತ್ತು. ಒಳ್ಳೆಯ ದಿನ.

ಫೋನು ಅಲುಗಾಡಿತು. ಲೋಲಾಕ್ಷಿ ಮೇಡಂ.

ಲೋಲಾಕ್ಷಿ ಉಡುಪಿಯ ಕಡೆಯವರು, ನಿವೃತ್ತ ಶಿಕ್ಷಕಿ. ಡೊಂಬಿವಲಿಯ ತಮ್ಮ ಮನೆಯ ಹಾಲಿನಲ್ಲಿ ತಿಂಗಳಿಗೊಮ್ಮೆ ಕನ್ನಡದ ಓದುಗರನ್ನು ಸೇರಿಸುತ್ತಿದ್ದರು. ಹದಿನೈದು ಕುರ್ಚಿ, ಒಂದು ಜಮಖಾನೆ, ಗೋಳಿಬಜೆ. ಆ ಜಮಖಾನೆಯ ಮೇಲೆ ಸುಮುಖನಿಗೆ ಬೆಂಕಿಯಂಥ ಮಾತುಗಾರ ಎಂಬ ಹೆಸರಿತ್ತು.

"ಆದಿತ್ಯವಾರ ನೆನಪುಂಟಲ್ಲ? ಮೇ ದಿನದ ಲೆಕ್ಕದಲ್ಲಿ ಇಟ್ಟದ್ದು. ನೀವೇ ಮಾತಾಡ್ಲಿಕ್ಕೆ."

"ಇದೆ ಮೇಡಂ."

"ವಿಷಯ 'ದುಡಿಯುವ ಮೈ' ಅಂತ ಹಾಕಿದ್ದೇನೆ. ಆಗ್ತದಲ್ಲ?"

"ಆಗತ್ತೆ. ಮೈಯಿಂದಾನೇ ಶುರು ಮಾಡ್ತೀನಿ. ಬೆವರು ಯಾರದು, ತಂಪು ಯಾರಿಗೆ ಅಂತ. ಕೂಲಿಯವನ ಮೈಗೆ ನಾವು ಬೆಲೆ ಕಟ್ತೀವಿ, ಆದ್ರೆ ಅದಕ್ಕೂ ಸೆಕೆ ಆಗತ್ತೆ ಅಂತ ಒಪ್ಪಲ್ಲ. ಆ ಕಡೆಯಿಂದ ಹೋಗೋಣ."

"ಅಬ್ಬ! ಕೇಳಿಯೇ ಮೈ ಜುಂ ಅಂತದೆ ಮಾರಾಯ್ರೆ. ಹೋದ ವರ್ಷ ನಿಮ್ಮ ಮಾತು ಕೇಳಿ ನಮ್ಮ ಬಳಗದ ಹುಡುಗಿ ಚಂಪಾ ಎರಡು ದಿನ ಸರೀ ಊಟ ಮಾಡ್ಲಿಲ್ಲ. ಈ ಸರ್ತಿ ಖಾರ ಕಮ್ಮಿ ಮಾಡ್ಬೇಡಿ ಆಯ್ತಾ?"

"ಇಲ್ಲ ಮೇಡಂ."

ಅವನು ಫೋನು ಜೇಬಿಗೆ ಹಾಕಿ ತಿರುಗಿದಾಗ ಟಾರ್ಚಿನ ಬೆಳಕು ಅವನ ಮುಖದ ಮೇಲಿತ್ತು. ಆಪರೇಟರು ಗಾಬರಿಯಿಂದ ಅದನ್ನು ಕೆಳಗಿಳಿಸಿದ. ಬೆಳಿಗ್ಗೆಯಿಂದ ಹಿಂದಿಯಲ್ಲಿ 'ಹಾಂ ಸಾಬ್', 'ನಹೀ ಸಾಬ್' ಬಿಟ್ಟು ಬೇರೇನೂ ಆಡದವನ ಬಾಯಿ ಈಗ ಅರಳಿತ್ತು.

"ಸಾಹೇಬ್ರು ಕನ್ನಡದವ್ರೇನ್ರಿ?"

"ಮೈಸೂರು."

"ಭಾಳ ದೂರ ಆತ್ರಿ. ಆದ್ರೂ ಮಾತು ನಮ್ದೇ ಅದ. ನಂದು ಯಾದಗಿರಿ ಕಡಿ. ಸೈದಪ್ಪ ಅಂತಾರ್ರಿ."

"ಎಷ್ಟು ವರ್ಷ ಆಯ್ತು ಇಲ್ಲಿಗೆ ಬಂದು?"

"ಇಪ್ಪತ್ತೆರಡು. ಮೊದ್ಲು ಕಳಂಬೋಲಿ ಕಬ್ಬಿಣ ಬಜಾರ್‌ದಾಗ ಹಮಾಲಿ ಮಾಡ್ದೆ. ಬೆನ್ನು ಹೋತು. ಕುಂತು ಮಾಡೋ ಕೆಲ್ಸ ಅದ ಅಂದ್ರು, ಇಲ್ಲಿಗಿ ಬಂದೆ." ಸೈದಪ್ಪ ನಕ್ಕ. "ಕುಂತು ಬೇಯೋ ಕೆಲ್ಸ ಆತ್ರಿ."

ಸುಮುಖನೂ ನಕ್ಕ.

"ಕೂಲಿ ಮಂದಿ ಬಗ್ಗೆ ಭಾಷಣ ಮಾಡ್ತೀರೇನ್ರಿ?"

"ಭಾಷಣ ಅಲ್ಲ. ಚರ್ಚೆ."

"ಚಲೋ ಬಿಡ್ರಿ. ಯಾರರೇ ಮಾತಾಡ್ಬೇಕಲ್ಲ." ಸೈದಪ್ಪ ಸುತ್ತ ನೋಡಿದ. ಯಂತ್ರದ ಆ ತುದಿಯಲ್ಲಿ ಕಪ್ಪುಗಳನ್ನು ಒಂದರೊಳಗೊಂದು ಪೇರಿಸುತ್ತಿದ್ದ ಇಬ್ಬರು ಹೆಂಗಸರು ಮರಾಠಿಯಲ್ಲಿ ಯಾರನ್ನೋ ಬೈದುಕೊಳ್ಳುತ್ತಿದ್ದರು. ಅವನು ಟವಲಿನಿಂದ ಬಾಯಿ ಒರೆಸಿಕೊಂಡ. "ಹಂಗಾರ ನಿಮಗ ಹೇಳಿದ್ರ ಅಡ್ಡಿಯಿಲ್ಲ. ಆ ಫ್ಯಾನ್ ಉಲ್ಟಾ ಹಾಕಿದವ ನಾನೇ ರೀ."

ಸುಮುಖ ನೂಲಿನ ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡ. ತೆಗೆದ. ಮತ್ತೆ ಸಿಕ್ಕಿಸಿಕೊಂಡ.

"ಹೋಳಿ ಹುಣ್ಣಿವಿ ಆದ ಮ್ಯಾಲ ಸೆಕಿ ಸುರು ಆತಲ್ರಿ. ಈ ಕಪಾಟಿನ ಬಿಸಿ ಎಲ್ಲಾ ನನ್ ಮುಖಕ್ಕ ಉಗುಳ್ತಿತ್ತು. ಕಣ್ಣಾಗ ನೀರು ನಿಲ್ಲವಲ್ದು. ದವಾಖಾನ್ಯಾಗ ಡ್ರಾಪ್ಸ್ ಕೊಟ್ರು. ಬಿಸಿ ಗಾಳಿ ತಾಕಿಸ್ಕೋಬ್ಯಾಡ ಅಂದ್ರು. ಬಿಸಿ ಗಾಳಿ ಬಿಟ್ಟು ನಾ ಎಲ್ಲಿ ಹೋಗ್ಲಿ? ಒಂದಿನ ಯಾರೂ ಇಲ್ಲದಾಗ ನಾಕು ಸ್ಕ್ರೂ ಬಿಚ್ಚಿದೆ, ತಿರುವಿ ಹಾಕ್ದೆ. ಗಾಳಿ ಮ್ಯಾಲಿಂದ ಒಳಗ ಹೋಗಿ ಕೆಳಗಿನ ಕಿಂಡ್ಯಾಗಿಂದ ಹೊರಗ ಬಂತು. ಮುಖಕ್ಕ ಬರೋದು ಕಾಲಿಗಿ ಬಂತು." ಅವನು ಪಾದ ಎತ್ತಿ ತೋರಿಸಿದ. "ಕಾಲಿಗಿ ಚಪ್ಲಿ ಅದಾವಲ್ರಿ."

ಸುಮುಖನಿಗೆ ಆ ವಾಕ್ಯ ತುಂಬ ಇಷ್ಟವಾಯಿತು.

"ಮಶೀನ್ ಬಂದ್ ಬೀಳ್ತದ ಅಂತ ಗೊತ್ತಿದ್ದಿಲ್ಲ, ದೇವರಾಣಿ. ಬಿದ್ದ ಮ್ಯಾಲ ತಿಳೀತು. ಆದ್ರ ತಿರುಗಿ ಮೊದಲಿನಂಗ ಹಾಕ್ಲಾಕ ಮನಸು ಬರ್ಲಿಲ್ರಿ. ಅದು ಬಂದ್ ಬಿದ್ದಾಗ ಹೊರಗ ಗಾಳ್ಯಾಗ ಹೋಗಿ ನಿಂದ್ರತೀವಿ ಇಪ್ಪತ್ತು ನಿಮಿಷ. ಆ ಹೆಣ್ಮಕ್ಕಳೂ ಬರ್ತಾರ." ಅವನ ದನಿ ಇಳಿಯಿತು. "ಯಾರ ಮುಂದೂ ಅನಬ್ಯಾಡ್ರಿ. ನಾ ಠೇಕೇದಾರನ ಆಳು. ನಾಳಿಂದ ಬರಬ್ಯಾಡ ಅಂದ್ರ ಮುಗೀತು. ಈ ಬೆನ್ನು ತಗೊಂಡು ಇನ್ನೊಂದು ಕಡಿ ಯಾರೂ ಇಟ್ಕೊಳ್ಳಂಗಿಲ್ಲ."

"ನಾನ್ಯಾಕೆ ಹೇಳ್ಲಿ" ಎಂದ ಸುಮುಖ.

ಅದು ನಿಜವಾಗಿತ್ತು. ಆ ಗಳಿಗೆಯಲ್ಲಿ ಅವನನ್ನು ತೂಗಿ ನೋಡಿದ್ದರೂ ಅದರಲ್ಲಿ ಗುಲಗಂಜಿಯಷ್ಟು ಸುಳ್ಳು ಸಿಗುತ್ತಿರಲಿಲ್ಲ.

ಮ್ಯಾನೇಜರ್ ದಿಲೀಪನ ಕ್ಯಾಬಿನ್ನಿನಲ್ಲಿ ಇಪ್ಪತ್ಮೂರು ಡಿಗ್ರಿ ಇತ್ತು. ಸುಮುಖನಿಗೆ ಮೀಟರಿಲ್ಲದೆ ಚರ್ಮದಿಂದಲೇ ಹೇಳಲು ಬರುತ್ತಿತ್ತು. ದಿಲೀಪ ಸಜ್ಜನ. ಒಳಗೆ ಬಂದವರಿಗೆ ಮೊದಲು ಲಸ್ಸಿ, ಆಮೇಲೆ ಮಾತು.

"ಬೋಲೋ ಸುಮುಖ್‌ಸಾಬ್, ಕ್ಯಾ ನಿಕಲಾ?"

"ಫ್ಯಾನ್ ಉಲ್ಟಾ ಲಗಾ ಹೈ."

"ಉಲ್ಟಾ? ಕಿಸ್ನೇ ಲಗಾಯಾ?" ಯಾರು ಹಾಕಿದ್ದು?

ಸುಮುಖ ಲಸ್ಸಿಯ ಲೋಟವನ್ನು ಎತ್ತಿದ. ಅದರ ಹೊರಮೈಯಲ್ಲಿ ನೀರ ಹನಿಗಳು ಸಾಲಾಗಿ ಇಳಿಯುತ್ತಿದ್ದವು. "ಬೋಲ್ ನಹೀ ಸಕ್ತೇ" ಎಂದ.

ಹೇಳಲಾರೆ. ಇದೂ ಸುಳ್ಳಲ್ಲ. ದಿಲೀಪ ತನ್ನ ಕನ್ನಡಕದ ಮೇಲಿಂದ ಅವನನ್ನು ನೋಡಿ ತಲೆಯಾಡಿಸಿದ. ಮುಂದಿನ ಮಾತು ಅವನ ಹಿಂದಿಯಲ್ಲಿ, ಇವನ ಹಿಂದಿಯಲ್ಲಿ, ನಡುನಡುವೆ ಇಂಗ್ಲಿಷಿನಲ್ಲಿ ಸಾಗಿತು.

ಸುಮುಖ ಸರಿಯಾದ ಪರಿಹಾರವನ್ನೇ ಹೇಳಿದ. ಪ್ಯಾನೆಲ್ಲಿನ ನೆತ್ತಿಯಲ್ಲಿ ರಂಧ್ರ ಕೊರೆದು ಫ್ಯಾನನ್ನು ಅಲ್ಲಿ ಕೂರಿಸುವುದು. ಬಿಸಿ ಸೂರಿನ ಕಡೆ ಹೋಗುತ್ತದೆ. ಆದರೆ ಕೊರೆಯುವಾಗ ಕಬ್ಬಿಣದ ಪುಡಿ ಒಳಗೆ ಬೀಳದಂತೆ ಎಲ್ಲವನ್ನೂ ಮುಚ್ಚಬೇಕು, ಯಂತ್ರ ನಾಲ್ಕು ಗಂಟೆ ನಿಲ್ಲಬೇಕು.

"ನಾಲ್ಕು ಗಂಟೆ!" ದಿಲೀಪ ನಕ್ಕ. ಮದುವೆಯ ಹಂಗಾಮು, ಊರಿಗೆಲ್ಲ ಐಸ್‌ಕ್ರೀಮು. "ಚಾಲೀಸ್ ಮಿನಟ್ ದೂಂಗಾ. ನಲವತ್ತೇ ನಿಮಿಷ. ಅದೇ ತೂತು, ಅದೇ ಬಾಗಿಲು. ಜೋರಾದದ್ದು ಹಾಕಿ. ಮತ್ತೆ ಸ್ಕ್ರೂ ಬೇಡ. ರಿವೆಟ್ ಹೊಡೆದುಬಿಡಿ. ಯಾರೂ ಬಿಚ್ಚಬಾರದು."

"ಆಪರೇಟರಿಗೆ ಸ್ವಲ್ಪ ಗರ್ಮಿ..."

"ಗರ್ಮಿ ಕಿಸ್ಕೋ ನಹೀ ಹೈ, ಸಾಬ್?" ಸೆಕೆ ಯಾರಿಗಿಲ್ಲ? ದಿಲೀಪ ಇದನ್ನು ವ್ಯಂಗ್ಯವಾಗಿ ಅನ್ನಲಿಲ್ಲ. ನಿಜವಾದ ಮರುಕದಿಂದ, ಇಡೀ ಮನುಕುಲವನ್ನು ನೆನೆದು ಅಂದ. ಸುಮುಖನೂ ಅಷ್ಟೇ ಮರುಕದಿಂದ ತಲೆದೂಗಿದ. ಲಸ್ಸಿ ಚೆನ್ನಾಗಿತ್ತು.

ಮತ್ತೆ ಪ್ಯಾನೆಲ್ಲಿನ ಮುಂದೆ ಬಂದು ಚೀಲ ಬಿಚ್ಚಿದ. ಆ ತೂತಿಗೆ ಹೊಂದುವ ಮೂರು ಫ್ಯಾನು ತಂದಿದ್ದ. ಒಂದು ಅಗ್ಗದ್ದು, ಬುಷ್ಷಿನ ಮೇಲೆ ತಿರುಗುವಂಥದು. ಈ ಕಾವಿನಲ್ಲಿ ಅದರ ಎಣ್ಣೆ ಆರು ತಿಂಗಳಲ್ಲಿ ಒಣಗಿ ಕರ್ರೆನ್ನುತ್ತದೆ. ಇನ್ನೊಂದರ ರೆಕ್ಕೆ ಪ್ಲಾಸ್ಟಿಕ್ಕಿನದು, ಸದ್ದು ಕಡಿಮೆ, ಆದರೆ ಎದುರಿಗೆ ತಡೆ ಬಂದರೆ ಉಸಿರು ಕಟ್ಟುತ್ತದೆ. ಮೂರನೆಯದನ್ನು ಅವನು ಕೈಯಲ್ಲಿ ಹಿಡಿದು ಬೆರಳಿನಿಂದ ಒಮ್ಮೆ ತಿರುಗಿಸಿದ. ಅಲ್ಯುಮಿನಿಯಮ್ಮಿನ ಮೈ, ಉಕ್ಕಿನ ರೆಕ್ಕೆ, ಬಾಲ್‌ಬೇರಿಂಗು. ಸದ್ದೇ ಇಲ್ಲದೆ ಬಹಳ ಹೊತ್ತು ತಿರುಗಿತು. ಇಂಥ ವಸ್ತುವನ್ನು ಮಾಡಿದವರ ಬಗ್ಗೆ ಅವನಿಗೆ ಗೌರವ ಬರುತ್ತಿತ್ತು. ಕವಿತೆಯಲ್ಲಿ ಒಂದು ಮಾತೂ ಹೆಚ್ಚಿಲ್ಲದಾಗ ಬರುವಂಥ ಗೌರವ.

ಹಳೆಯದನ್ನು ಬಿಚ್ಚುವ ಮೊದಲು ಫೋಟೋ. ಕಂಪನಿಯ ಪದ್ಧತಿ: ಮುಂಚೆ ಒಂದು, ಆಮೇಲೆ ಒಂದು. ಎರಡೂ ಇಲ್ಲದಿದ್ದರೆ ವರದಿ ಮುಂದಕ್ಕೆ ಹೋಗುವುದಿಲ್ಲ.

ಫ್ಯಾನಿನ ಚೌಕಟ್ಟಿನ ಒಂದು ಮೂಲೆಯಲ್ಲಿ ಅಚ್ಚೊತ್ತಿದ ಸಣ್ಣ ಬಾಣದ ಗುರುತು ಇರುತ್ತದೆ, ಗಾಳಿ ಹೋಗುವ ದಿಕ್ಕಿಗೆ. ಅದು ಒಳಮುಖವಾಗಿತ್ತು. ತಿರುವಿ ಕೂರಿಸಿದ್ದರಿಂದ ಆ ಮೂಲೆ ಬಾಗಿಲ ತಗಡಿಗೆ ಅಂಟಿರಲಿಲ್ಲ. ಸಂದಿನಲ್ಲಿ ಬಟ್ಟೆಯ ಪಟ್ಟಿಯೊಂದನ್ನು ಮಡಚಿ ತುರುಕಿತ್ತು. ಕೆಂಪು ಚೌಕಳಿ.

ಸುಮುಖ ಸೈದಪ್ಪನ ಕೊರಳು ನೋಡಿದ. ಟವಲಿನ ಒಂದು ಅಂಚು ಹರಿದು ಜೂಲಾಗಿತ್ತು.

"ಅಲುಗಾಡಿ ಸಪ್ಪಳ ಮಾಡ್ತಿತ್ರಿ" ಎಂದ ಸೈದಪ್ಪ, ನಾಚಿಕೊಂಡು.

ಪಟ್ಟಿಯನ್ನು ಮೊದಲೇ ಎಳೆದು ತೆಗೆಯಬಹುದಿತ್ತು. ಎರಡು ಬೆರಳಿನ ಕೆಲಸ. ಆದರೆ ಮುಂಚಿನ ಫೋಟೋ ಅಂದರೆ ಏನಿತ್ತೋ ಅದು. ಇದ್ದುದನ್ನು ಇದ್ದಂತೆ. ಓದುಗರ ಬಳಗದಲ್ಲಿ ಅವನು ಕತೆಗಾರರಿಂದ ಕೇಳುತ್ತಿದ್ದುದೂ ಅದನ್ನೇ. ಟಾರ್ಚಿನ ಬೆಳಕು ಸರಿಯಾಗಿ ಬಿದ್ದಿತ್ತು, ಸೈದಪ್ಪ ಕೈ ನಡುಗದಂತೆ ಹಿಡಿದಿದ್ದ. ಬಾಣವೂ ಬಟ್ಟೆಯೂ ಒಂದೇ ಚೌಕಟ್ಟಿನಲ್ಲಿ ಸ್ಪಷ್ಟವಾಗಿ ಮೂಡಿದವು. ಒಳ್ಳೆಯ ಚಿತ್ರ.

ಆಮೇಲೆ ಪಟ್ಟಿಯನ್ನು ತೆಗೆದು ಚೀಲಕ್ಕೆ ಹಾಕಿಕೊಂಡ.

ಹೊಸ ಫ್ಯಾನು ಕೂತಿತು. ರಿವೆಟ್ ಗನ್ನು ಟಕ್ಕೆಂದಿತು. ಜಾಲರಿಯನ್ನು ಒತ್ತಿ ಹಿಡಿದಿದ್ದವನು ಸೈದಪ್ಪನೇ.

"ಇನ್ನ ಇದು ಬಿಚ್ಚಲಾಕ ಬರಂಗಿಲ್ಲೇನ್ರಿ?"

"ಡ್ರಿಲ್ ಬೇಕಾಗತ್ತೆ."

ಟಕ್.

"ಹಂಗಾರ ಪಕ್ಕಾ ಆತು."

ಟಕ್.

"ಸಾಹೇಬ್ರ, ಇದರ ಮುಂದ ಒಂದು ತಗಡು ಬಗ್ಗಿಸಿ ಹಚ್ಚಿದ್ರ? ಮಳಿಗಾಲದಾಗ ಕಿಟಕಿಗಿ ಹಾಕ್ತಾರ ನೋಡ್ರಿ, ಹಂಗ. ಉಲ್ಟಾ. ಬಾಯಿ ಮ್ಯಾಲ ಮಾಡಿ. ಗಾಳಿ ಬಂದಿದ್ದು ಬಂದಂಗ ಮ್ಯಾಲಕ್ಕ ಹೋಗ್ತದ. ನನಗೂ ಹತ್ತಂಗಿಲ್ಲ, ಮಶೀನಿಗೂ ತ್ರಾಸಿಲ್ಲ."

ಸುಮುಖನ ಕೈ ನಿಂತಿತು. ಅಂಥ ತಗಡು ಇತ್ತು. ಅದಕ್ಕೊಂದು ಹೆಸರೂ ನಂಬರೂ ಇದ್ದವು, ಅವನ ಕಂಪನಿಯ ಪಟ್ಟಿಯಲ್ಲೇ, ನಲವತ್ತೊಂದನೆಯ ಪುಟ. ಅವನಿಗೆ ಅದು ಹೊಳೆದಿರಲಿಲ್ಲ ಅಂತಲ್ಲ. ಕ್ಯಾಬಿನ್ನಿನಲ್ಲಿ ಲಸ್ಸಿ ಕುಡಿಯುವಾಗ ಹೊಳೆದಿತ್ತು. ಆದರೆ ನೆತ್ತಿಯ ಮಾತು ಬಿದ್ದುಹೋದ ಮೇಲೆ ಮತ್ತೊಂದು ಮಾತೆತ್ತಿದರೆ ದಿಲೀಪ ಮುಖ ಸಣ್ಣದು ಮಾಡುತ್ತಿದ್ದ. ಚೆನ್ನಾಗಿ ನಡೆಯುತ್ತಿದ್ದ ಮಾತುಕತೆ.

"ನೋಡೋಣ" ಎಂದ.

"ಬರೀತೀರೇನ್ರಿ ರಿಪೋರ್ಟಿನ್ಯಾಗ?"

"ನೋಡೋಣ ಸೈದಪ್ಪ."

ಟಕ್.

ಜೇಬಿನ ಪೆನ್ನಿನಿಂದ ಜೋತಿದ್ದ ಬಿಳಿ ನೂಲು ಒಂದು ರಿವೆಟ್ಟಿನ ತಲೆಯಡಿ ಸಿಕ್ಕಿಕೊಂಡು ತುಂಡಾಗಿತ್ತು. ಸುಮುಖ ಚೀಲದಿಂದ ಆ ಕೆಂಪು ಪಟ್ಟಿಯನ್ನು ತೆಗೆದು, ಅದರಿಂದ ಒಂದು ಎಳೆ ಬಿಡಿಸಿ, ಪೆನ್ನಿಗೆ ಕಟ್ಟಿದ. ಸ್ವಿಚ್ಚು ಹಾಕಿದ. ಫ್ಯಾನು ಮೊದಲು ಕೆಮ್ಮಿದಂತೆ ಒಳಗಿನ ಪ್ಲಾಸ್ಟಿಕ್ ಧೂಳನ್ನೆಲ್ಲ ಉಗುಳಿತು, ಆಮೇಲೆ ಒಂದೇ ಸ್ವರಕ್ಕೆ ಬಂತು. ಕೆಂಪು ನೂಲು ಹೊರಗೆ ಚಿಮ್ಮಿ ಅಡ್ಡಕ್ಕೆ ನಿಂತಿತು. ಬೊಟ್ಟು ಮಾಡುವುದರಲ್ಲಿ ಅದು ಬಿಳಿ ನೂಲಿಗಿಂತ ಗಟ್ಟಿ. ಅದರ ನೇರಕ್ಕೆ ಸ್ಟೂಲು, ಸ್ಟೂಲಿನ ಮೇಲೆ ಸೈದಪ್ಪ. ಗುಂಡಿಗಳ ದೀಪ ಹತ್ತಿದ್ದವು, ಅವನು ಕೂರಲೇಬೇಕಿತ್ತು.

ಕಾಲು ಗಂಟೆಯಲ್ಲಿ ಡ್ರೈವಿನ ಸುತ್ತ ನಲವತ್ತೊಂಬತ್ತಿದ್ದದ್ದು ನಲವತ್ತಕ್ಕೆ ಇಳಿಯಿತು. ಸುಮುಖ ಮೀಟರು ಇಂಚಿಂಚೇ ಇಳಿಯುವುದನ್ನು ನೋಡುತ್ತಿದ್ದ. ಈ ನೋಟದಲ್ಲಿ ಅವನಿಗೆ ಸಿಗುತ್ತಿದ್ದ ನೆಮ್ಮದಿ ದೇವಸ್ಥಾನದಲ್ಲಿ ಸಿಗುತ್ತಿರಲಿಲ್ಲ. ಮನೆಯಲ್ಲೂ ಅಷ್ಟಾಗಿ ಸಿಗುತ್ತಿರಲಿಲ್ಲ.

ಸೈದಪ್ಪ ಕಣ್ಣು ಕಿರಿದು ಮಾಡಿ, ಟವಲನ್ನು ಮೂಗಿನವರೆಗೆ ಏರಿಸಿ ಕಟ್ಟಿಕೊಂಡಿದ್ದ. ಮಾತು ಬಟ್ಟೆಯೊಳಗಿಂದ ಬಂತು.

"ಗಾಳಿ ಭಾಳ ಜೋರ್ ಅದ ಬಿಡ್ರಿ ಸಾಹೇಬ್ರ. ಕಂಪನಿ ಚಲೋದು."

ಅದು ಹೊಗಳಿಕೆಯೋ ಬೈಗುಳವೋ ಸುಮುಖನಿಗೆ ತಿಳಿಯಲಿಲ್ಲ. "ಹೂಂ" ಎಂದ. ಎದ್ದು ನಿಂತು ಕೈ ಕುಲುಕಲು ಹೋದ. ಸೈದಪ್ಪನ ಒಂದು ಕೈ ಗುಂಡಿಯ ಮೇಲಿತ್ತು, ಇನ್ನೊಂದು ಕಣ್ಣಿಗೆ ಅಡ್ಡವಿತ್ತು. ಸುಮುಖ ಚಾಚಿದ ಕೈಯಿಂದಲೇ ಚೀಲ ಎತ್ತಿಕೊಂಡ.

ತುರ್ಭೆ ನಿಲ್ದಾಣದ ಬೆಂಚಿನ ಮೇಲೆ ಕೂತು ವರದಿ ತುಂಬಿದ. ದೋಷ: ಫ್ಯಾನಿನ ದಿಕ್ಕು ತಿರುಗುಮುರುಗು. ಕಾರಣ: ತಿಳಿದಿಲ್ಲ. ಪರಿಹಾರ: ಹೊಸ ಫ್ಯಾನು, ರಿವೆಟ್ಟು ಸಹಿತ. ಇತರ ಸಲಹೆಗಳು: ಅಲ್ಲಿ ಅವನ ಬೆರಳು ನಿಂತಿತು. ನಲವತ್ತೊಂದನೆಯ ಪುಟ. ಥಾಣೆಯ ಗಾಡಿ ಬರುತ್ತಿದೆಯೆಂದು ಮೈಕು ಮೂರು ಭಾಷೆಯಲ್ಲಿ ಕೂಗಿತು. ನಾಳೆ ಫೋನಿನಲ್ಲೇ ಹೇಳಿದರೆ ಆಯಿತು, ಮಾತಿನಲ್ಲಾದರೆ ಸಲಿಗೆಯಿಂದ ಹೇಳಬಹುದು, ಎಂದುಕೊಂಡು ಅಲ್ಲೊಂದು ಅಡ್ಡಗೆರೆ ಎಳೆದ.

ಫೋಟೋ. ಬಟ್ಟೆ ಕಾಣುತ್ತಿತ್ತು. ದೊಡ್ಡದು ಮಾಡಿ ನೋಡಿದ, ಚೌಕಳಿಯ ಒಂದೊಂದು ಗೆರೆಯೂ ಕಾಣುತ್ತಿತ್ತು. ಆ ಮೂಲೆಯನ್ನು ಕತ್ತರಿಸಿ ಕಳಿಸಬಹುದು. ಕತ್ತರಿಸಿದರೆ ಬಾಣವೂ ಹೋಗುತ್ತದೆ. ಬಾಣವಿಲ್ಲದಿದ್ದರೆ ಫ್ಯಾನು ಉಲ್ಟಾ ಇತ್ತು ಅನ್ನುವುದಕ್ಕೆ ರುಜುವಾತೇನು? ಆಫೀಸಿನಲ್ಲಿ ಕೇಳುತ್ತಾರೆ. ಅವನು ಯಾರ ಹೆಸರನ್ನೂ ಬರೆದಿರಲಿಲ್ಲ. ಒಂದು ಬಟ್ಟೆಯ ತುಂಡು. ಅಂಥ ಟವಲು ತುರ್ಭೆಯಲ್ಲಿ ಹತ್ತು ಸಾವಿರ ಜನರ ಕೊರಳಲ್ಲಿದೆ.

ಕಳಿಸಿದ. ಒಂದು ಪ್ರತಿ ಆಫೀಸಿಗೆ, ಒಂದು ದಿಲೀಪನಿಗೆ. ಪದ್ಧತಿ.

ಥಾಣೆಯಲ್ಲಿ ಗಾಡಿ ಬದಲಿಸಿದಾಗ ಸಂಜೆಯ ನೂಕುನುಗ್ಗಲು. ಹೇಗೋ ಒಳಸೇರಿ ನಿಂತ. ನೆತ್ತಿಯ ಮೇಲೆ ಚಾವಣಿಯ ಫ್ಯಾನು ನಿಂತೇ ಇತ್ತು. ಎದುರಿಗಿದ್ದ ದಪ್ಪ ಮೀಸೆಯ ಮನುಷ್ಯ ಏನೂ ವಿಶೇಷವಿಲ್ಲವೆಂಬಂತೆ ಜೇಬಿನಿಂದ ಬಾಚಣಿಗೆ ತೆಗೆದು, ಜಾಲರಿಯ ಸಂದಿನಲ್ಲಿ ತೂರಿಸಿ, ರೆಕ್ಕೆಯನ್ನು ಒಂದು ಸಲ ನೂಕಿದ. ಫ್ಯಾನು ಗೊಣಗಿ ತಿರುಗತೊಡಗಿತು. ಅವನು ಅದೇ ಬಾಚಣಿಗೆಯಿಂದ ತಲೆ ಬಾಚಿಕೊಂಡು ಜೇಬಿಗಿಟ್ಟ. ಸುತ್ತ ನಿಂತ ಹತ್ತು ಹನ್ನೆರಡು ಮುಖಗಳು ಒಟ್ಟಿಗೆ ಮೇಲೆದ್ದು ಕಣ್ಣು ಮುಚ್ಚಿದವು.

ಬಾಚಣಿಗೆಯಿಂದ ಆಗುವ ಕೆಲಸ, ಅಂದುಕೊಂಡ ಸುಮುಖ. ಆ ವಿಚಾರ ಎತ್ತಲೋ ಹೋಗುತ್ತಿತ್ತು, ಅವನು ಅದನ್ನು ಭಾನುವಾರದ ಕಡೆಗೆ ತಿರುಗಿಸಿದ. ಫೋನು ತೆಗೆದು ಒಂದು ಕೈಯಲ್ಲಿ ಬರೆದುಕೊಳ್ಳತೊಡಗಿದ. 'ದುಡಿಯುವ ಮೈ. ಶುರು: ಒಬ್ಬ ಕಾರ್ಮಿಕ. ಯಾದಗಿರಿಯವನು. ಬಿಸಿಯನ್ನು ಮುಖದಿಂದ ಕಾಲಿಗೆ ತಿರುಗಿಸಿಕೊಂಡವನು. "ಕಾಲಿಗಿ ಚಪ್ಲಿ ಅದಾವಲ್ರಿ." ಇಲ್ಲಿ ನಿಲ್ಲಬೇಕು. ಮೌನ.'

ಮೌನ ಎಂದು ಬರೆದು ಅವನು ನಿಜಕ್ಕೂ ಮೈ ಜುಮ್ಮೆಂದದ್ದನ್ನು ಗಮನಿಸಿದ. ಚಂಪಾ ಈ ಸಲ ಮೂರು ದಿನ ಊಟ ಬಿಡಬಹುದು. ಅವಳ ಬಗ್ಗೆ ಅವನಿಗೆ ವಾತ್ಸಲ್ಯವೆನಿಸಿತು.

ಆ ಸಾಲಿನ ಮೇಲೆಯೇ ದಿಲೀಪನ ಸಂದೇಶ ಬಂದು ಕೂತಿತು.

'ಪ್ಯಾನೆಲ್ ಏಕದಂ ಮಸ್ತ್. ಫೋಟೋ ಭೀ ಕ್ಲಿಯರ್. ಗಮ್ಛಾ ಪಹಚಾನ್ ಲಿಯಾ. ಕಲ್ ಸೇ ದೂಸ್ರಾ ಆದ್ಮೀ ಬೈಠೇಗಾ. ಥ್ಯಾಂಕ್ಯೂ ಸಾಬ್.' ಕೊನೆಗೊಂದು ಎತ್ತಿದ ಹೆಬ್ಬೆಟ್ಟು, ಹಳದಿ.

ಟವಲು ಯಾರದೆಂದು ಗುರುತು ಸಿಕ್ಕಿತು. ನಾಳೆಯಿಂದ ಬೇರೆಯವನು ಕೂರುತ್ತಾನೆ.

ಸುಮುಖ ಎರಡು ಸಲ ಓದಿದ. ಕೂರುತ್ತಾನೆ. ಅದೇ ಸ್ಟೂಲಿನ ಮೇಲೆ, ಅದೇ ಜಾಲರಿಯ ಎದುರು, ಇನ್ನೊಂದು ಮುಖ. ಏನಾದರೂ ಉತ್ತರ ಬರೆಯಬೇಕು. 'ದಿಲೀಪ್‌ಜೀ' ಎಂದು ಬರೆದ. ಅಳಿಸಿದ. ಗಾಡಿ ಕಳ್ವಾ ದಾಟಿ ಮುಂಬ್ರಾದ ಕಡೆ ಹೊರಳುತ್ತಿತ್ತು, ಜನ ಅವನನ್ನು ಕಂಬಕ್ಕೆ ಒತ್ತಿದರು. ಬೆರಳು ಏನನ್ನೋ ಮುಟ್ಟಿತು. ನೋಡಿದರೆ ದಿಲೀಪನ ಹೆಬ್ಬೆಟ್ಟಿನ ಕೆಳಗೆ ಅವನದೂ ಒಂದು ಹೆಬ್ಬೆಟ್ಟು ಹೋಗಿ ಕೂತಿತ್ತು.

ಅಳಿಸಬಹುದಿತ್ತು. ಅಷ್ಟರಲ್ಲಿ ಎರಡು ಗೆರೆ ನೀಲಿಯಾದವು.

ಮನೆಯಲ್ಲಿ ಒಗ್ಗರಣೆಯ ವಾಸನೆ. ಹೊರಗೆ ಇನ್ನೂ ಬೆಳಕಿತ್ತು. ಅವನು ಕೈಕಾಲು ತೊಳೆದು ಸೋಫಾದ ಮೇಲೆ ಒರಗಿದ. ಹನ್ನೊಂದೂ ಫ್ಯಾನುಗಳು ಗುಂಯ್ಗುಟ್ಟುತ್ತಿದ್ದವು. ಎಲ್ಲ ಸರಿಯಾಗಿತ್ತು.

"ಇವತ್ತು ಹೇಗಾಯ್ತು?" ಅಡುಗೆಮನೆಯಿಂದ ಆಶ್ರಿತಾ.

"ಚೆನ್ನಾಗಾಯ್ತು."

"ಮತ್ತೆ ಮುಖ ಯಾಕೆ ಹಾಗಿದೆ?"

"ಸೆಕೆ."

"ನೋಡಿದ್ರಾ, ನಿಮ್ಗೂ ಆಗತ್ತೆ!" ಅವಳು ನಕ್ಕಳು.

ಐದು ವರ್ಷದ ಮಗಳು ಚಿನ್ನು ಅಷ್ಟರಲ್ಲಿ ಅವನ ಚೀಲಕ್ಕೆ ಕೈಹಾಕಿ ನೂಲಿನ ಪೆನ್ನು ಹುಡುಕಿ ತೆಗೆದಿದ್ದಳು. ಇದು ಅಪ್ಪ ಮಗಳ ದಿನದ ಆಟ. ಮನೆಯ ಯಾವ ಯಂತ್ರ ಚಾಲೂ ಇದೆ, ಯಾವುದು ಬಂದ್ ಆಗಿದೆ ಎಂದು ನೂಲು ಹಿಡಿದು ತಪಾಸಣೆ.

"ಅರೇ, ಲಾಲ್ ಧಾಗಾ!" ಎಂದಳು. ಕನ್ನಡ ಅವಳಿಗೆ ಕೇಳಿದರೆ ಅರ್ಥವಾಗುತ್ತಿತ್ತು, ಆಡಲು ಹಿಂದಿಯೇ ಬರುತ್ತಿತ್ತು.

"ಹೂಂ ಪುಟ್ಟ, ಕೆಂಪು ನೂಲು."

ಅವಳು ಫ್ರಿಜ್ಜಿನ ಬೆನ್ನಿಗೆ ಹೋದಳು. "ಫ್ರಿಜ್ ಚಾಲೂ." ವೈಫೈ ಡಬ್ಬ. "ಚಾಲೂ." ಚಪ್ಪಲಿಯ ಗೂಡು. "ಚಾಲೂ." ಅಡುಗೆಮನೆಗೆ ಓಡಿ ಅಮ್ಮನ ಮೂಗಿನ ಮುಂದೆ ಹಿಡಿದಳು. "ಉಫ್, ತೆಗಿ ಕಣೇ" ಎಂದು ಆಶ್ರಿತಾ ಊದಿದಳು. "ಮಮ್ಮೀ ಫುಲ್ ಚಾಲೂ!" ಕೇಕೆ ಹಾಕಿದಳು. ಮೀನಿನ ತೊಟ್ಟಿ. "ಚಾಲೂ."

ಆಮೇಲೆ ಸೋಫಾ ಹತ್ತಿ ಅವನ ಎದೆಯ ಮೇಲೆ ಮೊಣಕಾಲೂರಿ ಕೂತು, ಪೆನ್ನನ್ನು ಅವನ ಮೂಗಿಗೂ ಬಾಯಿಗೂ ನಡುವೆ ತಂದು ಹಿಡಿದಳು. ನೂಲು ಅಲುಗದಿರಲೆಂದು ತನ್ನ ಉಸಿರು ಬಿಗಿಹಿಡಿದಳು.

ಸುಮುಖನೂ ತಮಾಷೆಗೆ ಉಸಿರು ಹಿಡಿದ. ಒಂದೆರಡು ಗಳಿಗೆ ಅವಳನ್ನು ಹೆದರಿಸಿ, ಆಮೇಲೆ ಭುಸ್ಸೆಂದು ಊದಿ ನಗಿಸುವುದು ಅವನ ವಾಡಿಕೆ.

ನೂಲಿಗೆ ಬೆವರಿನ ವಾಸನೆಯಿತ್ತು. ಅದು ಅವನದಲ್ಲ.

ಊದಿದ. ಊದಿದೆ ಎಂದು ಅವನಿಗೆ ಅನ್ನಿಸಿತು. ಕಣ್ಣು ಕೆಳಗೆ ಮಾಡಿ ನೋಡಿದ. ಕೆಂಪು ನೂಲು ಗಾರೆಯವನ ತೂಗುಗುಂಡಿನ ದಾರದಂತೆ ಅವನ ತುಟಿಯ ಮುಂದೆ ನೆಟ್ಟಗೆ ಇಳಿಬಿದ್ದಿತ್ತು. ಈ ಕಡೆಗೂ ಇಲ್ಲ, ಆ ಕಡೆಗೂ ಇಲ್ಲ. ಮನೆಯ ತುಂಬ ಹನ್ನೊಂದು ಕಡೆ ಗಾಳಿ ಬೀಸುತ್ತಿತ್ತು.

ಚಿನ್ನು ಇನ್ನೂ ಸ್ವಲ್ಪ ಹೊತ್ತು ಕಾದಳು. ತಪಾಸಣೆಯಲ್ಲಿ ಅವಳು ಅಪ್ಪನ ಮಗಳು, ಆತುರವಿಲ್ಲ. ನೂಲನ್ನು ಒಂದು ಬೆರಳು ಹತ್ತಿರಕ್ಕೆ ಸರಿಸಿ ಮತ್ತೊಮ್ಮೆ ನೋಡಿದಳು. ಆಮೇಲೆ ಅಡುಗೆಮನೆಯ ಕಡೆ ತಿರುಗಿ, ವರದಿ ಒಪ್ಪಿಸುವ ದನಿಯಲ್ಲಿ ಕೂಗಿದಳು.

"ಮಮ್ಮೀ, ಪಪ್ಪಾ ಬಂದ್ ಹೈ."

"ಹೌದಾ?" ಎಂದಳು ಆಶ್ರಿತಾ, ಕುಕ್ಕರಿನ ಸದ್ದಿನ ನಡುವೆ. "ಸರಿಯಾಗಿ ಹಿಡಿದು ನೋಡು."

ಅವಳು ಸರಿಯಾಗಿ ಹಿಡಿದಳು.